ಜ್ವಾಲೆ ನೋಡುವ ಕಣ್ಣು

ನಮ್ಮ ದೊಡ್ಡಪ್ಪ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಮುಂದೆ ನಿಂತು ಬೆಂಕಿ ನೋಡುವ ಕೆಲಸದವರು. ಡಾಂಬರಿನಂಥ ಕಪ್ಪು ಎಣ್ಣೆಯನ್ನು ಅಲ್ಲಿ ಬಿಸಿ ಮಾಡಿ ತೆಳುವಾಗಿಸಿ, ಕುಲುಮೆಯೊಳಗೆ ಮಂಜಿನಂತೆ ಚಿಮ್ಮಿಸಿ ಉರಿಸುತ್ತಾರೆ. ಆ ಉರಿಗೆ ಕೊಳವೆಗಳಲ್ಲಿನ ನೀರು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಜನರೇಟರ್ ಊರಿಗೆಲ್ಲ ಕರೆಂಟು ಕೊಡುತ್ತದೆ. ಉರಿಗೆ ಗಾಳಿ ಹದವಾಗಿರಬೇಕು. ಕಡಿಮೆಯಾದರೆ ಜ್ವಾಲೆ ಮಂಕಾಗಿ ಹೊಗೆಯಾಡುತ್ತದೆ. ಹೆಚ್ಚಾದರೆ ಬೆಳ್ಳಗೆ ಕಣ್ಣು ಕುಕ್ಕುತ್ತದೆ, ಶಾಖವೆಲ್ಲ ಚಿಮಣಿಯ ಪಾಲು. ವಿಪರೀತವಾದರೆ ಜ್ವಾಲೆಯೇ ಆರಿಹೋಗಿ, ಉರಿಯದೆ ಉಳಿದ ಎಣ್ಣೆ ಸಿಡಿದು ಕುಲುಮೆಯನ್ನೇ ಒಡೆಯಬಹುದು. ದೊಡ್ಡಪ್ಪ ಇಣುಕುಗಂಡಿಯಲ್ಲಿ ಜ್ವಾಲೆಯ ಬಣ್ಣ ನೋಡಿ ಗಾಳಿಯ ಹಿಡಿ ತಿರುಗಿಸುತ್ತಿದ್ದರು.

ಆ ವರ್ಷ ಅವರಿಗೆ ಯಾವ ಬಟ್ಟೆಯೂ ಬೆಳ್ಳಗೆ ಕಾಣಲಿಲ್ಲ.

"ಈ ಅಂಗಿ ಒಗ್ದಿದ್ದೀಯಾ, ಇಲ್ಲ ಟೀಯಲ್ಲಿ ಅದ್ದಿದ್ದೀಯಾ?"

ದೊಡ್ಡಮ್ಮ ಬಿಡುವವರಲ್ಲ. "ಅಂಗಿ ಬೆಳ್ಳಗೇ ಇದೆ. ನಿಮ್ಮ ಕಣ್ಣನ್ನೇ ಒಗೀಬೇಕು ಈಗ! ಡಾಕ್ಟ್ರ ಹತ್ರ ಹೋಗಿ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ."

ಅವರು ಹೋಗಲಿಲ್ಲ. ಕಣ್ಣು ಸರಿಯಿಲ್ಲವೆಂದು ಗೊತ್ತಾದರೆ ಟ್ಯಾಂಕರಿನಿಂದ ಎಣ್ಣೆ ಇಳಿಸುವ ಅಂಗಳಕ್ಕೆ ಕಳಿಸುತ್ತಾರೆ. ಬಾಯ್ಲರ್ ಬಿಟ್ಟರೆ ತಾನು ಯಾರು ಎಂಬುದೇ ಅವರಿಗೆ ತೋಚದು.

ಇತ್ತ ಸ್ಥಾವರದಲ್ಲಿ ಎಣ್ಣೆಯ ಖರ್ಚು ಏರುತ್ತಿತ್ತು. ಶಿಫ್ಟ್ ಎಂಜಿನಿಯರ್ ಮೇಡಂ ಎಣ್ಣೆ ಚಿಮ್ಮಿಸುವ ಬರ್ನರ್ ಬಿಚ್ಚಿಸಿ ತೊಳೆಸಿದರು, ಪಂಪು ಬದಲಿಸಿದರು. ದೊಡ್ಡಪ್ಪನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಮಧ್ಯಾಹ್ನ ಜ್ವಾಲೆ ಮಂಕಾಗಿದೆಯೆಂದು ಅವರು ಇನ್ನಷ್ಟು ಗಾಳಿ ಕೊಟ್ಟರು. ಕುಲುಮೆ ಗುಡುಗತೊಡಗಿತು. ಜೊತೆಗಾರ ಓಡಿಬಂದು ಗಂಡಿಯಲ್ಲಿ ಇಣುಕಿದ.

"ಅಣ್ಣಾ, ಏನ್ ಮಾಡ್ತಿದ್ದೀರಿ? ಸುಣ್ಣದ ಥರ ಬೆಳ್ಳಗಿದೆ! ಬರ್ನರ್ ಬಿಟ್ಟು ಮೇಲೇಳ್ತಿದೆ!"

"ಮಂಕಾಗಿದೆ ಅಲ್ವೇನೋ?"

"ತಮಾಷೆ ಮಾಡೋ ಹೊತ್ತಾ ಇದು? ಗಾಳಿ ತಗ್ಗಿಸಿ!"

ತಗ್ಗಿಸಿದರು. ಗುಡುಗು ನಿಂತಿತು.

ಜೊತೆಗಾರನಿಗೆ ಅರ್ಥವಾಯಿತು. ದನಿ ತಗ್ಗಿಸಿ, "ನಾನ್ಯಾರಿಗೂ ಹೇಳಲ್ಲ ಅಣ್ಣ. ನಾನು ನೋಡಿ ಹೇಳ್ತೀನಿ, ನೀವು ತಿರುಗಿಸಿ, ಆಯ್ತಾ?" ಎಂದ.

"ನಿನಗೆ ಬೇರೆ ಪಾಳಿ ಬಿದ್ರೆ?"

ದೊಡ್ಡಪ್ಪ ಹಿಡಿಯನ್ನು ಅವನಿಗೆ ಬಿಟ್ಟು ಮೆಟ್ಟಿಲಿಳಿದು ಮೇಡಂ ಬಳಿಗೆ ಹೋದರು.

ಎಲ್ಲ ಕೇಳಿದ ಮೇಡಂ ಬೈಯಲಿಲ್ಲ. "ಪೊರೆ ಇರಬಹುದು. ಆಪರೇಷನ್ ಆದ್ರೆ ಕಣ್ಣು ಸರಿಹೋಗುತ್ತೆ. ಆದ್ರೆ ಬಾಯ್ಲರ್ ಕೆಲಸ ವಾಪಸ್ ಕೊಡ್ತಾರೋ ಇಲ್ವೋ, ನಾನು ಹೇಳಲಾರೆ."

"ಅದು ಆಮೇಲೆ ಮೇಡಂ," ಎಂದರು ದೊಡ್ಡಪ್ಪ. "ಮೊದಲು ಮೇಲಕ್ಕೆ ಇನ್ನೊಬ್ಬರನ್ನ ಕಳಿಸಿ. ಅವನೊಬ್ಬನೇ ಇದಾನೆ."