ತಿಕೋಟಾದ ಕಿಟಕಿಯಾಚೆಯ ಗ್ಲಾಸುಗಳು

ಗಾಜು ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ಇದನ್ನು ನನಗೆ ಹೇಳಿಕೊಟ್ಟವರು ವಿಜಾಪುರದ ಜೋರಾಪುರ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮುಸಲ್ಮಾನ ಹಿರಿಯರೊಬ್ಬರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಲೇಜು ಓದುತ್ತ ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೇರೆ ಕಡೆ ಕೋಣೆ ಕೇಳಿದರೆ ಮೊದಲು ನನ್ನ ಊರು ಕೇಳುತ್ತಿದ್ದರು, ಆಮೇಲೆ ಅಡ್ಡಹೆಸರು. ಅಡ್ಡಹೆಸರು ಹೇಳಿದ ಕೂಡಲೇ ಕೋಣೆ ಭರ್ತಿಯಾಗಿಬಿಡುತ್ತಿತ್ತು. ಇವರು ಕೇಳಿದ್ದು ಒಂದೇ: "ಮನ್ಯಾಗ ಜೋರಾಗಿ ಭಾಷಣಾ ಮಾಡ್ತಿಯೇನು?"

ಮಾಡುತ್ತಿದ್ದೆ. ಚರ್ಚಾಸ್ಪರ್ಧೆ ನನ್ನ ಹುಚ್ಚು. ದೇವರಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಯಾರ ಮಾತನ್ನೂ ಪುರಾವೆ ಇಲ್ಲದೆ ಒಪ್ಪುತ್ತಿರಲಿಲ್ಲ.

ಮದುವೆ ಇಲ್ಲದ ತಿಂಗಳುಗಳಲ್ಲಿ ಗಿರಾಕಿ ಕಡಿಮೆ. ಆಗ ಅವರು, ನಾನು ಚಾಚಾ ಅನ್ನುತ್ತಿದ್ದೆ, ಅತ್ತರಿನ ಶೀಸೆಗಳನ್ನು ಕಿಟಕಿಯಲ್ಲಿಟ್ಟು, ಸುತ್ತ ಕರೀ ಬಟ್ಟೆ ಇಳಿಬಿಟ್ಟು, ಬೆಳಕು ಓರೆಯಾಗುವುದನ್ನೇ ಕಾಯುತ್ತ ಕೂರುತ್ತಿದ್ದರು. "ಎದುರಿನಿಂದ ಬೆಳಕ ಬಿಟ್ಟರ ಗಾಜು ಸತ್ತು ಹೋಗ್ತದ ಬೇಟಾ. ಹಿಂದಿನಿಂದ ಬಿಡು. ಅಂಚಿಗೆ ಕರೀ ಗೆರಿ ಬರ್ತದ ನೋಡು, ಅದಽ ಗಾಜು. ಉಳಿದದ್ದೆಲ್ಲಾ ಬರೇ ಬೆಳಕು." ನಾನು ವಾದ ಹೂಡಿದೆ. ಎದುರು ಬೆಳಕಿನಲ್ಲಿಯೂ ಒಂದು ಫೋಟೋ ತೆಗೆಸಿ ನೋಡಿದೆ. ಚಾಚಾ ಹೇಳಿದ್ದು ಖರೆ. ಶೀಸೆ ಇದ್ದ ಜಾಗದಲ್ಲಿ ಏನೋ ಒರೆಸಿದ ಕಲೆ.

ಆ ವರ್ಷದ ಚರ್ಚಾಸ್ಪರ್ಧೆಯ ವಿಷಯ: ಕಾನೂನಿನಿಂದ ಅಸ್ಪೃಶ್ಯತೆ ಅಳಿದಿದೆ. ನಾನು ವಿರೋಧಿಸಿ ಮಾತಾಡಿದೆ. ನಮ್ಮ ಘೋಣಸಗಿಯ ಬಾವಿ, ತಿಕೋಟಾದ ಚಾದಂಗಡಿ, ಎಲ್ಲ ಹೇಳಿದೆ. ಎದುರಿಗಿದ್ದ ವಕೀಲರ ಮಗ ನಗುತ್ತ ಎದ್ದು ನಿಂತ. "ಮಿತ್ರರು ಕಥೆ ಚೆನ್ನಾಗಿ ಹೇಳುತ್ತಾರೆ. ಆದರೆ ವಾದಿಯೇ ಸಾಕ್ಷಿಯಾದರೆ ಯಾವ ಕೋರ್ಟು ಒಪ್ಪೀತು? ತೋರಿಸಲಿ, ನೋಡೋಣ." ಚಪ್ಪಾಳೆ ಬಿತ್ತು. ನಾನು ಸೋತೆ. ಸಂಕಟವೇನೆಂದರೆ, ಅವನ ತರ್ಕದಲ್ಲಿ ತಪ್ಪಿರಲಿಲ್ಲ. ನನ್ನ ನಾಲಿಗೆಯಲ್ಲದ ಸಾಕ್ಷಿಯೊಂದು ನನಗೆ ಬೇಕಾಯಿತು. ಚಾಚಾರ ಪೆಟ್ಟಿಗೆ ಕ್ಯಾಮೆರಾ ಕೇಳಿ ಪಡೆದು ತಿಕೋಟಾದ ಬಸ್ಸು ಹತ್ತಿದೆ.

ಅಪ್ಪ ತಿಕೋಟಾದಲ್ಲಿ ಹಮಾಲಿ ಮಾಡುತ್ತಿದ್ದ. ಚೀಲ ಇಳಿಸಿ ಮುಗಿದ ಮೇಲೆ ಸಂಜೆಗೊಂದು ಚಾ ಅವನ ಒಂದೇ ಚಟ. ಚಾದಂಗಡಿಯ ಒಳಗೆ ಕಪಾಟಿನ ತುಂಬ ತೆಳ್ಳನೆಯ ಗ್ಲಾಸುಗಳಿದ್ದವು. ನಮ್ಮವು ಹೊರಗೆ, ಕಿಟಕಿಯ ಫರಸಿಕಲ್ಲಿನ ಮೇಲೆ. ದಪ್ಪ ತಳದವು, ಹಸಿರು ಬಣ್ಣಕ್ಕೆ ತಿರುಗಿದವು. ನಾವೇ ತೆಗೆದು ಚಾಚಬೇಕು, ಮಾಲಕ ಮೇಲಿಂದ ಸುರುವುತ್ತಿದ್ದ. ಕೆಳಗೆ ಕುಕ್ಕರಗಾಲಲ್ಲಿ ಕೂತು ಕುಡಿದು, ನಾವೇ ತೊಳೆದು ಬೋರಲು ಇಡಬೇಕು. ನೆಟ್ಟಗೆ ಇಟ್ಟರೆ ತೊಳೆದಿಲ್ಲವೆಂದು ಅರ್ಥ. ಬೈಗುಳ ಗ್ಯಾರಂಟಿ.

ಕ್ಯಾಮೆರಾ ಕಂಡು ಅಪ್ಪ ಹಿಂಜರಿದ. "ಇದರ ಫೋಟೋ ಯಾಕ ಬೇಕೋ ತಮ್ಮಾ? ದಿನಾ ನೋಡಾಕತ್ತೀವಿ, ಸಾಲದ?"

"ನಾವು ನೋಡೂದಲ್ಲ ಯಪ್ಪಾ, ಅವರು ನೋಡಬೇಕು."

"ಅವರು ನೋಡ್ಯಾರಲ್ಲ. ಅವರಽ ಇಟ್ಟಾರ."

ನನಗೆ ಸಿಟ್ಟು ಬಂತು. ಕ್ಯಾಮೆರಾ ಎತ್ತಿಕೊಂಡು ಕಿಟಕಿಯತ್ತ ನಡೆದೆ.

ಒಳಗೆ ಹೊಗೆ, ಕತ್ತಲೆ. ಕಪಾಟಿನತ್ತ ಕ್ಯಾಮೆರಾ ಹಿಡಿದು ಉಪಯೋಗವಿರಲಿಲ್ಲ, ಹಾಗೆ ಹಿಡಿಯಲು ಒಳಗೆ ಹೋಗುವಂತೆಯೂ ಇರಲಿಲ್ಲ. ಫರಸಿಯ ಮೇಲೆ ಮಾತ್ರ ಇಳಿಬಿಸಿಲು ನೇರ ಬಿದ್ದಿತ್ತು. ನಮ್ಮನ್ನು ಹೊರಗಿಟ್ಟದ್ದಕ್ಕೆ ಸಿಕ್ಕ ಲಾಭ ಅಷ್ಟೇ, ಬೆಳಕು. ತೊಳೆದ ಮೂರು ಗ್ಲಾಸು ಬೋರಲು ಬಿದ್ದಿದ್ದವು. ಗೋಡೆಗೆ ಒತ್ತಿ ಪಕ್ಕದಿಂದ ನೋಡಿದರೆ ಸೂರ್ಯ ಅವುಗಳ ಹಿಂದೆ. ಅಂಚಿಗೆ ಕರೀ ಗೆರೆ ಮೂಡಿತು, ಇಳಿಯುವ ಹನಿಗಳಲ್ಲಿ ಕಿಡಿ ನಿಂತಿತು, ಕಲ್ಲಿನ ಮೇಲೆ ಉದ್ದ ನೆರಳು, ಪ್ರತಿ ನೆರಳಿನ ನಡುವೆ ಬೆಳಕಿನ ಒಂದು ಬಳೆ. ಆಚೆ ಬದಿ ಕೆಳಗೆ ಕೂತ ಅಪ್ಪ ನಾಲ್ಕನೆಯ ಗ್ಲಾಸು ಇಡಲು ಎದ್ದ. ಅವನ ರುಮಾಲಿನ ನೆರಳು ಕಲ್ಲಿನ ಎಡ ಮೂಲೆಗೆ ಬಿತ್ತು. ನಾನು ಒತ್ತಿದೆ.

ಒಳಗಿನಿಂದ ಮಾಲಕ ಕೂಗಿದ: "ಏನ್ರೀ ಕಾಲೇಜ ಸಾಹೇಬ್ರ, ಗ್ಲಾಸಿಗೂ ಕನ್ಯಾ ನೋಡಾಕತ್ತೀರೇನು?" ಗಿರಾಕಿಗಳು ನಕ್ಕರು. ತನ್ನ ಅಂಗಡಿಯ ಫೋಟೋ ವಿಜಾಪುರಕ್ಕೆ ಹೋಗುತ್ತದೆಂದು ಅವನಿಗೆ ಒಳಗೊಳಗೆ ಖುಷಿ.

ಫೋಟೋ ತೊಳೆದು ಚಾಚಾ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕತ್ತರಿ ಎತ್ತಿಕೊಂಡರು. "ಎಲ್ಲಾ ಬರೋಬ್ಬರಿ ಬಂದದ. ಈ ಮೂಲ್ಯಾಗಿಂದು ಒಂದು ನೆಳ್ಳು ತೆಗೀಲೇನು?"

"ಬ್ಯಾಡ ಚಾಚಾ. ಅದು ನಮ್ಮಪ್ಪ."

ಕತ್ತರಿ ಕೆಳಗಿಟ್ಟರು. ದೊಡ್ಡದು ಮಾಡಿಕೊಟ್ಟರು.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಫೋಟೋ ಪ್ರದರ್ಶನವಿತ್ತು. 'ಬ್ಯಾರೆ ಗ್ಲಾಸು' ಎಂದು ಹೆಸರು ಬರೆದು ಕೊಟ್ಟೆ. ಗೋಡೆಯ ಮೇಲೆ ನೋಡಿದರೆ ಕೆಳಗಿನ ಚೀಟಿಯಲ್ಲಿ 'ಸಂಜೆಯ ಬೆಳಕು' ಎಂದಿತ್ತು. ಮೇಲೆ ಮೊದಲ ಬಹುಮಾನದ ರಿಬ್ಬನ್ನು. ತೀರ್ಪುಗಾರರಾಗಿದ್ದ ನಮ್ಮ ಕನ್ನಡ ಮಾಸ್ತರರ ಬಳಿ ಹೋಗಿ ಹೆಸರು ಯಾಕೆ ಬದಲಾಯಿತೆಂದು ಕೇಳಿದೆ.

"ಬ್ಯಾರೆ ಅನ್ನೂದು ಶುದ್ಧ ಕನ್ನಡ ಅಲ್ಲಪಾ, ಬೇರೆ. ಮತ್ತ ಬೇರೆ ಅಂದ್ರ ಯಾವುದರಿಂದ ಬೇರೆ? ಮೂರೂ ಒಂದಽ ಥರಾ ಅದಾವಲ್ಲ?"

ನಾನು ಚಿತ್ರ ನೋಡಿದೆ. ಅವರೆಂದದ್ದು ನಿಜ. ಒಳಗಿನ ಗ್ಲಾಸು ಚಿತ್ರದಲ್ಲಿಲ್ಲದೆ ಹೊರಗಿನದು ಹೊರಗಿನದಾಗುವುದು ಹೇಗೆ? ಆದರೂ ದನಿ ಏರಿಸಿ ಎಲ್ಲರ ನಡುವೆ ವಿವರಿಸಿದೆ. ಯಾವ ಅಂಗಡಿ, ಯಾರ ಗ್ಲಾಸು, ಯಾರು ತೊಳೆಯಬೇಕು. ಮಾಸ್ತರರು ನನ್ನ ಹೆಗಲಿನತ್ತ ಕೈ ಚಾಚಿದರು. ಕೈ ಹೆಗಲು ಮುಟ್ಟಲಿಲ್ಲ. "ಕಲೆಗೆ ಜಾತಿ ಹಚ್ಚಬಾರದು. ಎಷ್ಟು ಚಂದ ತಗದೀ! ಎಡಕಿನ ಆ ನೆರಳೊಂದು ಬೀಳದಽ ಇದ್ದಿದ್ರ ಪರಿಪೂರ್ಣ ಆಗತಿತ್ತು."

ನೆರಳು ಬೀಳಬಾರದು. ಈ ಮಾತನ್ನು ನಮ್ಮಜ್ಜನೂ ಕೇಳಿದ್ದ, ಬೇರೆ ಸಂದರ್ಭದಲ್ಲಿ. ಮಾಸ್ತರರಿಗೆ ಆ ನೆನಪಿರಲಿಲ್ಲ. ಅವರು ಒಳ್ಳೆಯ ಮನುಷ್ಯರು, ಬೆಳಕಿನ ಬಗ್ಗೆಯೇ ಮಾತಾಡುತ್ತಿದ್ದರು. ವಕೀಲರ ಮಗ ಬಂದು ಕೈ ಕುಲುಕಿದ. "ಎಂಥಾ ಫೋಟೋ ಮಾರಾಯಾ! ಎಲ್ಲಿ ತಗದಿ?" ಅವನಿಗೆ ತೋರಿಸಬೇಕೆಂದೇ ತೆಗೆದಿದ್ದೆ. ಅವನು ನೋಡಿದ. ಮೆಚ್ಚಿದ.

ನನ್ನ ದನಿ ಕೇಳಬೇಕಾದವರಿಗೆ ಕೇಳಲಿಲ್ಲ, ತಿಕೋಟಾಕ್ಕೆ ಕೇಳಿತು. ಆ ಊರಿನ ಹುಡುಗನೊಬ್ಬ ಸಭೆಯಲ್ಲಿದ್ದನಂತೆ. ಮುಂದಿನ ಸಲ ಊರಿಗೆ ಹೋಗುವಾಗ ತಿಕೋಟಾದಲ್ಲಿ ಇಳಿದು ನೋಡಿದರೆ ಫರಸಿಕಲ್ಲು ಖಾಲಿಯಿತ್ತು. ನಮ್ಮವರನ್ನು ಒಳಗೆ ಕರೆದಿರಬಹುದೆಂದು ನನ್ನ ಒಂದು ಗಳಿಗೆಯ ಆಸೆ. ಮನೆಗೆ ಹೋದ ಮೇಲೆ ಅಪ್ಪ ಹೇಳಿದ. ಮಾಲಕ ಗ್ಲಾಸುಗಳನ್ನು ಎತ್ತಿಬಿಟ್ಟಿದ್ದ. ಅಪ್ಪ ಚಾ ಕೇಳಿದ್ದಕ್ಕೆ, "ನಿನ್ನ ಮಗಾ ಗ್ಲಾಸ ವಿಜಾಪುರಕ್ಕ ಒಯ್ದಾನಲ್ಲ, ಹೋಗು, ಅದರಾಗ ಕುಡಿ" ಎಂದನಂತೆ. ಎಲ್ಲರೂ ನಕ್ಕರಂತೆ. ಈಗ ಅಪ್ಪ ಬಬಲೇಶ್ವರದ ಸಂತೆಗೆ ಹಮಾಲಿಗೆ ಹೋಗುತ್ತಿದ್ದ.

"ಅಲ್ಲಿ ಚಾ ಕೊಡತಾರೇನು ಯಪ್ಪಾ?"

"ಕೊಡತಾರ. ತೆಂಗಿನ ಪರಟ್ಯಾಗ."

ನಾನು ಎದ್ದು ನಿಂತೆ. ಫಿರ್ಯಾದಿ ಕೊಡೋಣ, ಕಾನೂನು ಇದೆ, ಈ ಸಲ ಒಳಗಿನದನ್ನೂ ಹೊರಗಿನದನ್ನೂ ಒಂದೇ ಫೋಟೋದಲ್ಲಿ ಹಿಡಿಯುತ್ತೇನೆ, ಪರಟಿಯನ್ನೂ ಹಿಡಿಯುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಅಪ್ಪ ತಲೆಯ ರುಮಾಲು ಬಿಚ್ಚಿ ಜಾಡಿಸಿ ಮತ್ತೆ ಸುತ್ತಿಕೊಂಡ.

"ತಗಿ, ಬ್ಯಾಡ ಅನ್ನೂದಿಲ್ಲ. ಪರಟ್ಯಾಗ ಬೆಳಕ ಹಾಯೂದಿಲ್ಲ, ಯಾರೂ ಚಂದ ಐತಿ ಅನ್ನಂಗಿಲ್ಲ." ಸ್ವಲ್ಪ ತಡೆದು ಅಂದ: "ಆದ್ರ ತಮ್ಮಾ, ಸಂತಿ ಮುಗಿದ ಮ್ಯಾಲೆ ತಗಿ. ನನ್ನ ಚಾ ಕುಡಿದು ಆಗಿರ್ತೈತಿ."