ತಟ್ಟೆಯಲ್ಲಿ ಬೆಳೆದ ಒಳಕಿವಿ

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಸದಲಗಾದ ಮನೆಯಲ್ಲಿ ನಾವಿಬ್ಬರೂ ಚಿಕ್ಕವರಿದ್ದಾಗಲೇ ನಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದೆವು. ಅಪ್ಪ ಅಂದರೆ ಮೀಸೆ ತಿರುವುವುದು, ಕೊಲ್ಹಾಪುರ ಅಂದರೆ ಕಾಲಿನ ಚಪ್ಪಲಿ ತೋರಿಸುವುದು. ದೊಡ್ಡವಳಾದ ಮೇಲೆ ಅವಳು ಓಣಿಯ ಹೆಂಗಸರ ಕುಪ್ಪಸ ಹೊಲಿಯತೊಡಗಿದಳು. ನಾನು ಓದು ಮುಗಿಸಿ ಪುಣೆಯ ಒಂದು ಪ್ರಯೋಗಾಲಯ ಸೇರಿದೆ.

ಇಲಿಯ ಕಾಂಡಕೋಶಗಳಿಂದ ಪ್ರಯೋಗದ ತಟ್ಟೆಯಲ್ಲಿ ಒಳಕಿವಿಯ ಅಂಗಾಂಶ ಬೆಳೆಸುವುದು ಅಲ್ಲಿ ನನ್ನ ಕೆಲಸ. ಕಾಂಡಕೋಶವೆಂದರೆ ಇನ್ನೂ ಏನೂ ಆಗಿರದ, ಮುಂದೆ ಏನು ಬೇಕಾದರೂ ಆಗಬಲ್ಲ ಕೋಶ. ತಕ್ಕ ಹೊತ್ತಿಗೆ ತಕ್ಕ ದ್ರವ ಹಾಕುತ್ತ ಹೋದರೆ ಅವು ಸಾಸಿವೆಗಿಂತ ಸಣ್ಣ ಉಂಡೆಗಳಾಗುತ್ತವೆ, ಉಂಡೆಯೊಳಗೆ ಪುಟ್ಟ ಚೀಲ ಮೂಡುತ್ತದೆ. ತಿಂಗಳುಗಟ್ಟಲೆ ನನ್ನ ಉಂಡೆಗಳು ಬರೀ ಚರ್ಮವಾದವು, ಇಲ್ಲವೇ ಸತ್ತುಹೋದವು. ಕೊನೆಗೊಂದು ಬೆಳಿಗ್ಗೆ ಸೂಕ್ಷ್ಮದರ್ಶಕದಡಿ ಕಿವಿಯೊಳಗೆ ಸದ್ದು, ಅಲುಗಾಟ ಗ್ರಹಿಸುವ ರೋಮಕೋಶಗಳೇ ಕಂಡವು, ತುದಿಯಲ್ಲಿ ಕೂದಲಿನ ಕುಚ್ಚು ಸಮೇತ.

ದೀಪಾವಳಿಗೆ ಊರಿಗೆ ಹೋದಾಗ ಮೊಬೈಲಿನಲ್ಲಿ ಆ ಚಿತ್ರ ಅವ್ವನಿಗೆ ತೋರಿಸಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಕೈ ಒರೆಸಿಕೊಂಡು ನೋಡಿದಳು.

"ಹಂಗಾರ ಇದನ್ನ ಅಕ್ಕಗ ಹಾಕಾಕ ಬರತೈತೇನ?"

"ಇಲ್ಲವ್ವಾ. ಬಸಿರಾಗ ಕಿವಿ ಹೆಂಗ ಬೆಳಿತೈತಿ ಅಂತ ತಿಳ್ಕೊಳ್ಳಾಕ ಅಷ್ಟ ಇದು."

ಅವಳು ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದಳು. ತಲೆ ಎತ್ತದೇ ಕೇಳಿದಳು, "ಯಾವ ತಿಂಗಳದಾಗ ಬೆಳಿತೈತಿ?"

"ಮೊದಲನೇ ತಿಂಗಳದಾಗ ಸುರು ಆಕ್ಕೈತಿ. ಐದು ತುಂಬೂದ್ರಾಗ ಒಳಗಿನ ಆಕಾರ ಎಲ್ಲಾ ಬಂದಿರತೈತಿ."

"ಅಕ್ಕ ಹೊಟ್ಟ್ಯಾಗ ಇದ್ದಾಗ ಏಳರಾಗ ಗ್ರಹಣ ಹಿಡದಿತ್ತು," ಎಂದಳು ಅವ್ವ. "ಎಮ್ಮಿ ಹಸದು ಒದರಾಕತ್ತಿತ್ತು. ಕುಡಗೋಲ ತಗೊಂಡು ಮೇವು ಕೊಯ್ದೆ. ಅಕ್ಕಗ ಕೇಳಸೂದಿಲ್ಲ ಅಂತ ಗೊತ್ತಾದ ದಿನ ನಮ್ಮತ್ತಿ ಅಂದ್ಲು, ಕೂಸಿನ ಕಿವಿ ನೀನ ಕೊಯ್ದಿ ಅಂತ."

ಈ ಮಾತನ್ನು ಅವಳು ಅದುವರೆಗೆ ನಮ್ಮ ಮುಂದೆ ಆಡಿರಲಿಲ್ಲ. ನಾನು ಮೊಬೈಲು ಕೆಳಗಿಟ್ಟೆ.

"ಗ್ರಹಣದಿಂದ ಹಂಗ ಆಗೂದಿಲ್ಲವ್ವಾ. ಅಕ್ಕಂದು ಯಾಕ ಹಂಗಾತು ನನಗೂ ಗೊತ್ತಿಲ್ಲ. ಆದ್ರ ನಿನ್ನ ಕೈಲಿಂದ ಆಗಿದ್ದಲ್ಲ."

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಕ್ಕ ಹೊಲಿಗೆ ಬಿಟ್ಟೆದ್ದು ಬಂದು, ಏನಾಯಿತೆಂದು ಕೈಯಲ್ಲೇ ಕೇಳಿದಳು. ನಾನು ಅಂಗೈಯಿಂದ ಸೂರ್ಯನನ್ನು ಮರೆಮಾಡಿ, ಮೇವು ಕೊಯ್ದಂತೆ ಮಾಡಿ, ಅವಳ ಕಿವಿ ತೋರಿಸಿದೆ. ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಹಣೆ ಬಡಿದುಕೊಂಡು ಜೋರಾಗಿ ನಕ್ಕಳು. ಅವ್ವನ ಪಕ್ಕ ಕೂತು, ಸೆರಗು ಸರಿಸಿ ಕಣ್ಣೊರೆಸಿ, ಎಮ್ಮೆ ಉಪವಾಸ ಇರಬೇಕಿತ್ತೇನು ಎಂದು ಕೈಯಲ್ಲೇ ಗದರಿದಳು.

ಅವ್ವ ನನ್ನ ಮಾತನ್ನು ಪೂರ್ತಿ ನಂಬಿದಳೋ ಇಲ್ಲವೋ ಹೇಳಲಾರೆ. ಸಂಜೆ ಡೇರಿಗೆ ಹಾಲು ಒಯ್ಯುವ ಹೊತ್ತಿಗೆ ಅವ್ವ, ಅಕ್ಕ ಇಬ್ಬರೂ ಯಾವುದೋ ಸಣ್ಣ ವಿಷಯಕ್ಕೆ ಕೈ ಬೀಸಿ ಬೀಸಿ ಜಗಳವಾಡುತ್ತಿದ್ದರು. ಅವ್ವ ನಗುತ್ತಿದ್ದಳು.