ಇಷ್ಟಲಿಂಗ ನನ್ನ ಕೈಗೆ ಬಂದ ದಿನ

ಪುಣೆಗೆ ಬಂದು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬಳು ನನ್ನ ಗಂಡನ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಬಾಯಿ ಬಡಿದುಕೊಂಡು ಅಲ್ಲೇ ಕುಸಿದೆ.

ನಮ್ಮ ಸುರಪುರದ ಕಡೆ ಗುರು ಕಟ್ಟಿದ ಇಷ್ಟಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೆಯೇ ಇರಬೇಕು. ಪೂಜೆಯ ಹೊತ್ತಿಗೆ ಅವರವರ ಅಂಗೈಗೆ ಬರುತ್ತದೆ, ಮತ್ತೆ ಕೊರಳಿಗೆ ಹೋಗುತ್ತದೆ. ಇನ್ನೊಬ್ಬರು ಬಿಚ್ಚಿದರೆಂದರೆ ಜೀವ ಹೋಯಿತೆಂದೇ ನಾನು ತಿಳಿದೆ. ನರ್ಸ್ "ರಡೂ ನಕಾ, ರಡೂ ನಕಾ" ಎನ್ನುತ್ತಿದ್ದಳು. ಅಳಬೇಡ ಎಂದು ಅದರ ಅರ್ಥ. ಆಗ ನನಗೆ ಉಪ್ಪು, ನೀರು ಕೇಳುವಷ್ಟೇ ಮರಾಠಿ ಬರುತ್ತಿತ್ತು.

ಜೊತೆಗೆ ಬಂದಿದ್ದ ದೇಸಾಯಿಯವರು ಧಾರವಾಡದ ಕಡೆಯವರು, ನನ್ನ ಗಂಡ ಕೂಲಿ ಮಾಡುತ್ತಿದ್ದ ಗುತ್ತಿಗೆದಾರನ ಹತ್ತಿರ ಗುಮಾಸ್ತರು. ಓಡಿ ಬಂದು ಗದರಿದರು.

"ಯಾಕವಾ ತಂಗಿ, ಜೀವಂತ ಇದ್ದಾನ! ಆಪರೇಶನ್ನಿಗೆ ಒಯ್ಯೂ ಮುಂದ ಮೈಮ್ಯಾಲಿಂದು ಎಲ್ಲಾ ತೆಗೀತಾರ. ಉಡದಾರನೂ ಬಿಡೂದಿಲ್ಲ."

ಪುಣೆಯ ಹೊರಗಿನ ತಳೇಗಾಂವದಲ್ಲಿ ಕಟ್ಟುತ್ತಿದ್ದ ಕಾರ್ಖಾನೆಯ ಸ್ಲ್ಯಾಬು ಕುಸಿದು ನನ್ನ ಗಂಡನ ಬಲಗಾಲು ಜಜ್ಜಿಹೋಗಿತ್ತು. ನಂಜು ಮೇಲೇರುತ್ತಿದೆ, ಮೊಣಕಾಲಿನ ಮೇಲೆ ಕತ್ತರಿಸದಿದ್ದರೆ ಜೀವ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಒಳಗೆ ಒಯ್ಯುವಾಗ ಇವರು ಕಣ್ಣು ತೆರೆದು ಕೊರಳು ತಡವಿಕೊಂಡರು.

"ಲಿಂಗಪ್ಪ ಎಲ್ಲಿ?"

"ನನ್ನ ಕೈಯಾಗ ಅದಾನ್ರೀ."

"ಕೆಳಗ ಇಡಬ್ಯಾಡ."

ಇಡಲಿಲ್ಲ. ಎಡಗೈ ಅಂಗೈಯಲ್ಲಿ ಹಿಡಿದು ಗೋಡೆಯ ಬದಿಗೆ ನಿಂತೆ. ಊರಲ್ಲಾಗಿದ್ದರೆ ಓಣಿಯ ಹೆಂಗಸರೆಲ್ಲ ಸುತ್ತ ಕೂತು ನನ್ನ ಪಾಲಿನದನ್ನೂ ಅತ್ತು ಮುಗಿಸುತ್ತಿದ್ದರು. ಇಲ್ಲಿ ಜನ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು. ಶಿವನನ್ನು ಮೊದಲು ಬೇಡಿದೆ, ಆಮೇಲೆ ಬಾಯಿಗೆ ಬಂದಂತೆ ಬೈದೆ, ಮತ್ತೆ ಬೇಡಿದೆ. ಮಧ್ಯಾಹ್ನವಾದರೂ ಕೈ ಇಳಿಯಲಿಲ್ಲ. ಆ ಕೈಯಲ್ಲಿದ್ದ ಬಲ ನನ್ನದಲ್ಲ, ಅವನದೇ. ಇವತ್ತಿಗೂ ಹಾಗೇ ನಂಬಿದ್ದೇನೆ.

ಇವರು ಉಳಿದರು, ಲಿಂಗಪ್ಪ ಮತ್ತೆ ಇವರ ಕೊರಳಿಗೆ ಹೋದ. ಕತ್ತರಿಸಿದ ಕಾಲನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಅದನ್ನ ದವಾಖಾನಿಯವರ ಸುಡತಾರಂತ, ನೀ ನೋಡಬ್ಯಾಡ" ಎಂದರು ದೇಸಾಯಿ.

"ನಮ್ಮಲ್ಲಿ ಸುಡೂದಿಲ್ರೀ, ಹೂಳತೀವಿ. ಕೊಡಸ್ರಿ" ಎಂದೆ. ಅಷ್ಟು ಗಟ್ಟಿಯಾಗಿ ಗಂಡಸರ ಎದುರು ನಾನು ಅದುವರೆಗೆ ಮಾತಾಡಿದ್ದೇ ಇಲ್ಲ.

ಪುಣೆಯಲ್ಲಿದ್ದ ನಮ್ಮವರ ರುದ್ರಭೂಮಿಗೆ ಒಯ್ದೆವು. ಅಲ್ಲಿಯ ಅಯ್ಯನವರು ಗಂಟು ನೋಡಿ ಪೇಚಿಗೆ ಬಿದ್ದರು. "ಜೀವ ಇದ್ದ ಮನಿಶ್ಯಾನ ಕಾಲಿಗೆ ಯಾವ ಶಾಸ್ತ್ರ ಹೇಳಲಿ ತಾಯಿ?" ಕೊನೆಗೆ ವಿಭೂತಿ ಹಚ್ಚಿ, ಪತ್ರಿ ಇಟ್ಟು, ನಮಃ ಶಿವಾಯ ಎಂದು ಮಣ್ಣು ಹಾಕಿಸಿದರು. ಹೊಲದ ಬದುವಿನ ಮೇಲೆ ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದ ಕಾಲು ಅದು. ನಾನು ಅಲ್ಲಿ ಹೊಟ್ಟೆತುಂಬ ಅತ್ತೆ.

ಇದಾಗಿ ಎಂಟು ವರ್ಷ. ಇವರು ಅದೇ ತಳೇಗಾಂವದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾರೆ. ನಾನು ಕೂಲಿಗಳಿಗೆ ರೊಟ್ಟಿ ಬಡಿದು ಕೊಡುತ್ತೇನೆ. ಇಲ್ಲಿಯವರ ಭಾಕರಿಯೂ ಜೋಳದ್ದೇ, ಆದರೆ ದಪ್ಪ. ನನ್ನ ತೆಳು ರೊಟ್ಟಿ ನೋಡಿ ನಕ್ಕವರೇ ಈಗ ಇನ್ನೊಂದು ಹಾಕು ಎನ್ನುತ್ತಾರೆ. ನಲ್ಲಿಯ ಹತ್ತಿರ ಮರಾಠಿಯಲ್ಲೇ ಜಗಳ ಕಾಯುತ್ತೇನೆ. ಶಿವನ ಜೊತೆಗಿನ ಜಗಳ ಮಾತ್ರ ಇನ್ನೂ ಕನ್ನಡದಲ್ಲೇ.

ಮೈದುನ ಪ್ರತಿ ಪತ್ರದಲ್ಲೂ ಊರಿಗೆ ಬಂದುಬಿಡಿ ಎಂದು ಬರೆಯುತ್ತಾನೆ. ಮೊನ್ನೆ ಬಂದ ಪತ್ರವನ್ನು ಓದಿ ಹೇಳಿದೆ. ಇವರು ಅದನ್ನು ಕೈಗೆ ತೆಗೆದುಕೊಂಡು ಮಡಚಿಟ್ಟರು. ಆಮೇಲೆ ಕೇಳಿದರು:

"ನಾ ಹ್ವಾದಮ್ಯಾಲ ನನ್ನ ಎಲ್ಲಿ ಇಡತಿ? ಊರಾಗ ಅಪ್ಪ-ಅವ್ವನ ಹತ್ರನೋ, ಇಲ್ಲೇ ಕಾಲಿನ ಹತ್ರನೋ?"

"ಶಿವನ್ನ ಕೇಳ್ರಿ" ಎಂದೆ.

"ಕೇಳೀನಿ" ಎಂದರು. "ಆತನೂ ಸುಮ್ಮನದಾನ."